ಎಡಕ್ಕೆ ಆರು, ಬಲಕ್ಕೆ ಐದು

ಹೊಳೆಯಿಲ್ಲದ ಜಿಲ್ಲೆಯಲ್ಲಿ
ಹರಿವ ನೀರಿನ ಹುಳು ಹುಡುಕಲು ಹೊರಟವಳು ನಾನು.
ನಗಬೇಡಿ. ನರಸಾಪುರದಾಚೆ ಕಾಲುವೆಯಿದೆ,
ಬೆಂಗಳೂರು ಬಳಸಿ ಬಿಟ್ಟ ನೀರು
ಸೋಸಿಕೊಂಡು, ಪೈಪು ಹತ್ತಿ, ದಿಣ್ಣೆ ದಾಟಿ
ಬೇಸಿಗೆಯಲ್ಲೂ ನೊರೆ ಕಟ್ಟಿಕೊಂಡು
ಕೆರೆಯಿಂದ ಕೆರೆಗೆ ಇಳಿಯುತ್ತದೆ.

ಹುಳುವಿಗೆ ನೀರಿನ ಜಾತಕ ಬೇಡ,
ಓಡುತ್ತಿದ್ದರೆ ಸಾಕು.
ತೂಬಿನ ಬಾಯಲ್ಲಿ, ಜಾರುಗಲ್ಲಿಗೆ,
ಮುಳ್ಳಿಗೆ ಸಿಕ್ಕ ಪ್ಲಾಸ್ಟಿಕ್ ಹಾಳೆಗೆ
ಅಂಟಿನ ಒಂದು ಚುಕ್ಕೆ ಇಟ್ಟು, ಬಾಲದ ಕೊಕ್ಕೆ ಸಿಕ್ಕಿಸಿ,
ತಲೆಯ ಮೇಲಿನ ಎರಡು ಬೀಸಣಿಗೆ ಬಿಚ್ಚಿ
ಸೆಳವಿನಲ್ಲಿ ಊಟ ಸೋಸುತ್ತಾ ನಿಂತಿತ್ತು.

ಎಮ್ಮೆ ಮೈ ತೊಳೆಯುತ್ತಿದ್ದ ಗಂಗುಲಮ್ಮ
'ಏನಮ್ಮಾ ಕಲ್ಲು ಮಗುಚ್ತೀಯ?' ಅಂದಳು.
ಹೇಳಿದೆ. ಎಮ್ಮೆಯ ಕಿವಿ ಮಡಚಿ
ಒಳಗಿನ ರಕ್ತದ ಚುಕ್ಕಿಗಳನ್ನು ತೋರಿಸಿ,
ಬೆರಳಿಗೆ ಎಂಜಲು ಹಚ್ಚಿ
ಗೂನುಬೆನ್ನಿನ ಕರಿಯ ಚೂರೊಂದನ್ನು ಎತ್ತಿ
'ಈಗ' ಅಂದಳು.
ಈಗಲೇನಾ? ಅಂದೆ, ಪೆದ್ದಿಯ ಹಾಗೆ.
'ಈಗ ಅಮ್ಮಾ, ಈಗ. ನಲ್ಲ ಈಗ.'
ಅವಳ ತೆಲುಗಿನಲ್ಲಿ ನೊಣ, ನನ್ನ ಕನ್ನಡದಲ್ಲಿ ಈ ಗಳಿಗೆ.
ಕೋಲಾರದಲ್ಲಿ ಎರಡೂ ಒಂದೇ ಬಾಯಿಂದ ಹಾರುತ್ತವೆ.

ಲ್ಯಾಬಿನಲ್ಲಿ ಷಂಷಾದ್ ಮೇಡಂ ಆ ಹೆಸರಿಗೆ ಮಾರ್ಕು ಕೊಡಲಿಲ್ಲ.
'ಹೆಸರು ಆಮೇಲೆ. ಮೊದಲು ಎಣಿಸು.'
ಗುರುತಿನ ಕೀಲಿ ಎಂದರೆ ಜೋಡಿ ಜೋಡಿ ಪ್ರಶ್ನೆ,
ಹೌದಾದರೆ ಮೂರಕ್ಕೆ ಹೋಗು, ಅಲ್ಲವಾದರೆ ಏಳಕ್ಕೆ.
ಕಣ್ಣೆರಡೂ ನೆತ್ತಿಯಲ್ಲಿ ಕೂಡಿಕೊಂಡರೆ ಗಂಡು,
ನಡುವೆ ಬೈತಲೆಯಷ್ಟು ಬಿಟ್ಟಿದ್ದರೆ ಹೆಣ್ಣು.
(ಕಚ್ಚುವವಳು ಅವಳೇ. ಇದನ್ನು ಹೇಳುವಾಗ ಮೇಡಂ
ಪ್ರಿನ್ಸಿಪಾಲರ ರೂಮಿನ ಕಡೆ ನೋಡಿ ನಕ್ಕರು.)
ಕಾಲಿನ ಹಳದಿ ಎಲ್ಲಿಯವರೆಗೆ, ಉಗುರಿನ ಬುಡದಲ್ಲಿ ಹಲ್ಲಿದೆಯೇ,
ಬೆನ್ನಿನ ಬೆಳ್ಳಿ ಪಟ್ಟೆ ದೀಪ ತಿರುಗಿಸಿದರೆ ಕರಗುತ್ತದೆಯೇ.
ಅಷ್ಟು ಕೇಳಿದ ಮೇಲೂ ಅಕ್ಕತಂಗಿಯರು
ಒಂದೇ ಮುಖ ಹೊತ್ತು ಕೂರುತ್ತಾರೆ.
ಆಗ ಗೂಡಿಗೆ ಹಿಂತಿರುಗಬೇಕು.

ಗೂಡು.
ನಮ್ಮಪ್ಪ ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾಣಲೆಯ ಮುಂದೆ
ಮೂವತ್ತು ವರ್ಷ ಎಳೆ ಹುಡುಕಿದವನು.
ಅವನಿಗೆ ಗೂಡೆಂದರೆ ತೂಕ, ಲಾಟು, ಆ ದಿನದ ರೇಟು.
ಇದೂ ರೇಷ್ಮೆಯೇ ಅಪ್ಪಾ, ಎಂದು ಭಾನುವಾರ ಗಾಜಿನ ತಟ್ಟೆ ಹಿಡಿದೆ:
ಕಲ್ಲಿಗಂಟಿದ, ಎಳ್ಳಿನಷ್ಟು ದೊಡ್ಡ ಚಪ್ಪಲಿ,
ಮೂತಿಯಿಂದ ಹೊರಚಾಚಿದ ಬಿಳಿಯ ಉಸಿರೆಳೆಗಳು.
ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ.
'ಬಿಚ್ಚಕ್ಕಾಗಲ್ಲ ಇದು,' ಅಂದ. ಆಮೇಲೆ,
'ಎಷ್ಟವೆ ಎಳೆ?'

ಎಡಕ್ಕೆ ಆರು. ಬಲಕ್ಕೆ ಐದು.

ಅಲ್ಲೇ ನಿಂತಿದೆ ಕೆಲಸ.
ಆರಾದರೆ ಒಂದು ಹೆಸರು, ನಾಲ್ಕಾದರೆ ಇನ್ನೊಂದು,
ಐದಕ್ಕೆ ನಮ್ಮ ಕೀಲಿಯಲ್ಲಿ ಬಾಗಿಲೇ ಇಲ್ಲ.
ಚಿಮಟದಲ್ಲಿ ನಾನೇ ಮುರಿದೆನೋ,
ಹುಟ್ಟುವಾಗಲೇ ಒಂದು ಕಮ್ಮಿಯೋ,
ನೊರೆನೀರಿನಲ್ಲಿ ಬೇರೆಯದೇ ಲೆಕ್ಕ ಶುರುವಾಗಿದೆಯೋ.
ದೊಡ್ಡ ಲ್ಯಾಬುಗಳಲ್ಲಿ ವರ್ಣತಂತುವಿನ ಗೆರೆ ಓದುತ್ತಾರಂತೆ;
ನಮ್ಮಲ್ಲಿರುವುದು ಒಂದೇ ಸೂಕ್ಷ್ಮದರ್ಶಕ,
ಅದರ ಬಲಗಣ್ಣಿಗೆ ಬೂಷ್ಟು.
ಮೇಡಂ ಉಸಿರು ಹಿಡಿದು ಬಗ್ಗಿ
ಮುರಿದ ಬುಡ ಹುಡುಕಿದರು.
'ಕಾಣಲಿಲ್ಲ ಅಂತ ಬರಿ. ಇಲ್ಲ ಅಂತ ಬರೀಬೇಡ.
ಇನ್ನೂ ಇಪ್ಪತ್ತು ತಾ.'

ಹೋದೆ. ಕಾಲುವೆ ನಿಂತಿತ್ತು.
ಪಂಪು ರಿಪೇರಿಯಂತೆ, ಮೂರು ದಿನ.
ಒಣಗಿದ ಕಲ್ಲಿನ ಮೇಲೆ ಖಾಲಿ ಚಪ್ಪಲಿಗಳು,
ಶುಕ್ರವಾರ ದರ್ಗಾದ ಮುಂದೆ ಬಿಟ್ಟ ಹಾಗೆ.
ಎಮ್ಮೆ ಮಾತ್ರ ಇನ್ನೂ ಕಿವಿ ಒದರುತ್ತಿತ್ತು.

ಸೀಸೆಗೆ ಚೀಟಿ ಬರೆದಿದ್ದೇನೆ:
ಕೋಲಾರ ತಾಲ್ಲೂಕು, ತೂಬಿನ ಬಾಯಿ, ಮಾರ್ಚ್ ಒಂಬತ್ತು.
ಹಿಡಿದವರು ಗಂಗುಲಮ್ಮ, ಬೆರಳಿನಿಂದ.
ಕುಲದ ಹೆಸರು ಪೆನ್ನಿನಲ್ಲಿ.
ಪ್ರಭೇದದ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ,
ಮೇಡಂ ನೋಡಿ ಅಳಿಸುವವರೆಗೆ:
ಈಗ.